ಈ ಮಣ್ಣು ಯಾವೂರಿನದು?

ಕೆನಡಾದ ಉತ್ತರ ಒಂಟಾರಿಯೊದಲ್ಲಿ ಬೇಸಿಗೆ ಕಾಲಿಟ್ಟಿತೆಂದರೆ ಕಾಡಿಗೆ ಹುಡುಗರ ದಂಡು ಇಳಿಯುತ್ತದೆ. ಕೈಯಲ್ಲಿ ಬೈರಿಗೆ, ಬೆನ್ನಿಗೆ ಚೀಲ, ಮುಖಕ್ಕೆ ಸೊಳ್ಳೆ ಬಲೆ. ಜಿಪಿಎಸ್ ತೋರಿಸಿದ ಗೆರೆ ಹಿಡಿದು ನಡೆಯುವುದು, ಗುರುತು ಬಂದಲ್ಲಿ ನಿಲ್ಲುವುದು, ಮೊಳದುದ್ದ ಕೊರೆದು ಮೇಲೆ ಬಂದ ಕೆಂಗಂದು ಮಣ್ಣನ್ನು ಕಾಗದದ ಲಕೋಟೆಗೆ ತುಂಬುವುದು, ನಂಬರು ಬರೆದು ಮುಂದಿನ ಗುರುತಿಗೆ ಹೊರಡುವುದು. ಲಕೋಟೆಗಳು ಲ್ಯಾಬಿಗೆ ಹೋಗುತ್ತವೆ, ಲ್ಯಾಬಿನಿಂದ ಅಂಕಿಗಳು ಬರುತ್ತವೆ, ಅಂಕಿಗಳು ನೀಲಿ, ಹಳದಿ, ಕೆಂಪು ಬಣ್ಣದ ನಕ್ಷೆಯಾಗುತ್ತವೆ. ಕೆಂಪು ಎಲ್ಲಿದೆಯೋ ಅಲ್ಲಿಗೆ ಡ್ರಿಲ್ ಯಂತ್ರ. ಷೇರುದಾರರಿಗೆ ಹೋಗುವ ಪ್ರಕಟಣೆಯ ಮುಖಪುಟದಲ್ಲೂ ಅದೇ ಕೆಂಪು.

ಇಷ್ಟೆಲ್ಲ ನಡೆಯುವುದು ಒಂದು ನಂಬಿಕೆಯ ಮೇಲೆ. ಮಣ್ಣಿನಲ್ಲಿ ಚಿನ್ನ ಎಷ್ಟಿದೆ ಎಂದು ಅಳೆದರೆ ಅದಿರು ಎಲ್ಲಿದೆ ಎಂದು ತಿಳಿಯುತ್ತದೆ. ಒಂದು ಮಾದರಿ ಸುಳ್ಳು ಹೇಳಿದರೂ ಸಾವಿರ ಮಾದರಿ ಸೇರಿದಾಗ ಸುಳ್ಳು ತಾನಾಗಿ ತೊಳೆದುಹೋಗುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಿಮಯುಗ ಉತ್ತು ಹೋದ ನೆಲದಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಚಿನ್ನ ಎಷ್ಟು ಎಂಬ ಪ್ರಶ್ನೆ ಎರಡನೆಯದು. ಮೊದಲು ಕೇಳಬೇಕಾದದ್ದು: ಈ ಮಣ್ಣು ಯಾವೂರಿನದು, ಇದನ್ನು ಇಲ್ಲಿಗೆ ತಂದವರು ಯಾರು, ಯಾವ ದಾರಿಯಲ್ಲಿ? ಇದಕ್ಕೆ ಉತ್ತರ ಸಿಗುವ ತನಕ ಲ್ಯಾಬಿನ ಅಂಕಿ ಬರೀ ಮೂಕ.

ನಂಬಿಕೆ ಹುಟ್ಟಿದ್ದು ಬೇರೆ ಬಗೆಯ ನೆಲದಲ್ಲಿ. ಹಟ್ಟಿಯಲ್ಲೋ ಕೋಲಾರದಲ್ಲೋ ಒಂದು ಹಿಡಿ ಮಣ್ಣೆತ್ತಿದರೆ ಅದು ಬಹುಮಟ್ಟಿಗೆ ಕಾಲಡಿಯ ಬಂಡೆಯೇ ಬಿಸಿಲು ಮಳೆಗೆ ಕೊಳೆತು ಪುಡಿಯಾದದ್ದು. ತಾಯಿಯ ಗುಣ ಮಗಳಲ್ಲಿ ಕಾಣುವ ಹಾಗೆ ಬಂಡೆಯ ಗುಣ ಮಣ್ಣಿನಲ್ಲಿ ಕಾಣುತ್ತದೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಿಗೆ ಹಿಡಿದು ಮರಳು ಜಾಲಿಸುತ್ತಿದ್ದ ಜಾಲಗಾರರ ಕಸುಬು ನಿಂತಿದ್ದೂ ಇಂಥ ಭರವಸೆಯ ಮೇಲೆಯೇ. 1870ರ ದಶಕದಲ್ಲಿ ಆ ಸೀಮೆಯ ಚಿನ್ನದ ಬಂಡೆಗಳ ಬಗ್ಗೆ ಬರೆದ ರಾಬರ್ಟ್ ಬ್ರೂಸ್ ಫೂಟ್ ಈ ಜಾಲಗಾರರನ್ನೂ ದಾಖಲಿಸಿದ. ಹಳ್ಳದಲ್ಲಿ ಚಿನ್ನದ ಕಾಳು ಕಂಡರೆ ಅದರ ಮೂಲ ಹಳ್ಳದ ಮೇಲ್ಭಾಗದಲ್ಲೇ ಇರಬೇಕು; ನೀರು ಇಳಿಜಾರು ಬಿಟ್ಟು ಹರಿಯುವುದಿಲ್ಲವಲ್ಲ. ಹಿಮಕ್ಕೆ ಆ ಹಂಗಿಲ್ಲ. ಅದು ಗುಡ್ಡ ಹತ್ತಿ ಇಳಿಯುತ್ತದೆ, ಹೊಳೆ ದಾಟುತ್ತದೆ, ಸಾವಿರ ವರ್ಷದ ನಂತರ ದಿಕ್ಕನ್ನೂ ಬದಲಿಸುತ್ತದೆ.

ಲಕೋಟೆ ಪಂಥದವರು ಇಲ್ಲಿ ಯುಕಾನ್ ಪ್ರದೇಶದ ಕಡೆ ಕೈ ತೋರಿಸುತ್ತಾರೆ. ಅವರ ಮಾತಿಗೆ ಆಧಾರ ಇಲ್ಲದಿಲ್ಲ. ಡಾಸನ್ ಪಟ್ಟಣದ ಶಾನ್ ರಯಾನ್ ಎಂಬ ಶೋಧಕ ಮಣ್ಣಿನ ಮಾದರಿಗಳನ್ನೇ ನಂಬಿ ವೈಟ್ ಗೋಲ್ಡ್ ಸೀಮೆಯನ್ನು ಬೆಳಕಿಗೆ ತಂದ. ಅಲ್ಲಿ ಅದಿರು ಕಂಡ ಅಂಡರ್‌ವರ್ಲ್ಡ್ ಎಂಬ ಸಣ್ಣ ಕಂಪನಿಯನ್ನು 2010ರಲ್ಲಿ ಕಿನ್‌ರಾಸ್ ಕೊಂಡಿತು. ಕಾಫಿ ಎಂಬ ನಿಕ್ಷೇಪ ಹಿಡಿದಿದ್ದ ಕಾಮಿನಾಕ್ ಕಂಪನಿಯನ್ನು 2016ರಲ್ಲಿ ಗೋಲ್ಡ್‌ಕಾರ್ಪ್ ಕೊಂಡಿತು. ಮಣ್ಣು ಸುಳ್ಳು ಹೇಳಲಿಲ್ಲ, ನಿಜ. ಆದರೆ ಯಾಕೆ ಹೇಳಲಿಲ್ಲ? ಯುಕಾನಿನ ಆ ಮೂಲೆಗೆ ಹಿಮದ ಹಾಸು ಬರಲೇ ಇಲ್ಲ. 1896ರಲ್ಲಿ ಸಿಕ್ಕಿ ಜಗತ್ತನ್ನೇ ಎಳೆದುಕೊಂಡ ಕ್ಲಾಂಡೈಕಿನ ತೊರೆಚಿನ್ನ ಚೆಲ್ಲಾಪಿಲ್ಲಿಯಾಗದೆ ಉಳಿದದ್ದೂ ಅದೇ ಕಾರಣಕ್ಕೆ. ಹಿಮ ತುಳಿಯದ ನೆಲದ ಗೆಲುವನ್ನು ಹಿಮ ಅರೆದ ನೆಲಕ್ಕೆ ತಂದು ನೆಟ್ಟಿದ್ದೇ ಎಡವಟ್ಟಿನ ಮೊದಲ ಹೆಜ್ಜೆ.

ಇನ್ನು ಹಿಮ ಅರೆದ ನೆಲವನ್ನು ಹತ್ತಿರದಿಂದ ನೋಡಬೇಕು. ಒಂಟಾರಿಯೊದಲ್ಲಿ ರಸ್ತೆಗೆಂದು ಕಡಿದ ದಿಬ್ಬದ ಗೋಡೆಯ ಮುಂದೆ ನಿಂತರೆ ಮೇಲೆ ಅಂಗೈ ದಪ್ಪದ ಪಾಚಿ ಮತ್ತು ಕೊಳೆತ ಎಲೆ. ಅದರ ಕೆಳಗೆ ಬೂದಿಯಂತೆ ಬಿಳುಚಿಕೊಂಡ ಪದರ, ಅದರ ಕೆಳಗೆ ಕಬ್ಬಿಣ ಇಳಿದು ನಿಂತ ಕೆಂಗಂದು ಪದರ. ಹುಡುಗರ ಬೈರಿಗೆ ನಿಲ್ಲುವುದು ಇಲ್ಲಿ. ಇನ್ನೊಂದು ಮೀಟರು ಅಗೆದರೆ ಬಣ್ಣ ಬೂದುಗಪ್ಪಿಗೆ ತಿರುಗುತ್ತದೆ. ಗುದ್ದಲಿ ಹಾಕಿದರೆ ಠಣ್ಣೆನ್ನುವಷ್ಟು ಬಿಗಿ. ನುಣ್ಣನೆ ಹಿಟ್ಟು, ಮರಳು, ಕಲ್ಲು ಎಲ್ಲ ಒಂದೇ ಮುದ್ದೆ; ಜರಡಿ ಹಿಡಿದ ಗುರುತೇ ಇಲ್ಲ. ಒಂದು ಕಲ್ಲನ್ನು ಕಿತ್ತು ತೊಳೆದರೆ ಒಂದು ಮೈ ಇಸ್ತ್ರಿಪೆಟ್ಟಿಗೆಯ ತಳದ ಹಾಗೆ ಚಪ್ಪಟೆ, ಅದರ ಮೇಲೆ ಒಂದೇ ದಿಕ್ಕಿನ ಗೀರುಗಳು. ಇದೇ ತಳದ ಟಿಲ್: ಎರಡು ಮೂರು ಕಿಲೋಮೀಟರ್ ದಪ್ಪದ ಹಿಮ ತನ್ನ ಹೊಟ್ಟೆಯಡಿಗೆ ಬಂಡೆಯನ್ನು ಅರೆದು, ಎಳೆದು, ಒತ್ತಿ ಬಿಟ್ಟುಹೋದ ಬೆರಕೆ ಮಣ್ಣು.

ಅದೇ ಗೋಡೆಯಲ್ಲಿ ನಾಲ್ಕು ಹೆಜ್ಜೆ ಆಚೆ ಸಡಿಲ ಮರಳು ಸಿಗಬಹುದು. ಅದು ಹಿಮ ಕರಗಿದಾಗ ಮೇಲಿನಿಂದ ಸುಮ್ಮನೆ ಉದುರಿದ ಸರಕು. ಅದರಲ್ಲಿ ಬಲು ದೂರದ ಕಲ್ಲುಗಳೂ ಇರುತ್ತವೆ. ಇನ್ನೊಂದು ಕಡೆ ಪದರ ಪದರವಾದ ಜಲ್ಲಿ. ಅದು ಕರಗಿದ ನೀರು ಟಿಲ್ ತೊಳೆದು ಮತ್ತೊಂದು ಸಲ ಸಾಗಿಸಿದ್ದು. ಮೂರರ ಮೇಲೂ ಬೆಳೆಯುವುದು ಅದೇ ಸ್ಪ್ರೂಸ್ ಮರ, ಮೇಲೆ ಹಾಸಿರುವುದು ಅದೇ ಪಾಚಿ, ಬೈರಿಗೆಗೆ ಸಿಗುವುದು ಹೆಚ್ಚುಕಡಿಮೆ ಅದೇ ಬಣ್ಣದ ಮಣ್ಣು. ಮೂರು ಬೇರೆ ಬೇರೆ ದಾರಿಯಲ್ಲಿ ಬಂದ ಮೂರು ಮಣ್ಣುಗಳ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಬಣ್ಣ ಬಳಿದು ಹೋಲಿಸುವುದೆಂದರೆ ಮೂರು ಊರಿನ ಸಂತೆಯ ರಾಗಿಯನ್ನು ಒಂದೇ ಕಣಕ್ಕೆ ಸುರಿದು ಯಾರ ಹೊಲ ಚೆನ್ನಾಗಿದೆ ಎಂದು ಕೇಳಿದ ಹಾಗೆ.

ತಳದ ಟಿಲ್ಲನ್ನೇ ಆರಿಸಿಕೊಂಡೆವು ಎನ್ನೋಣ. ಅಷ್ಟಕ್ಕೇ ಕೆಂಪು ಚುಕ್ಕೆಯಡಿ ಅದಿರು ಇರುವುದಿಲ್ಲ. ಹಿಮ ಅದಿರಿನ ತಲೆಯನ್ನು ಉಜ್ಜಿದಾಗ ಚಿನ್ನದ ಚೂರುಗಳು ಹಿಮ ಸಾಗಿದ ದಿಕ್ಕಿಗೆ ರಿಬ್ಬನ್ನಿನಂತೆ ಹರಡುತ್ತವೆ. ಮೂಲದ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಆ ರಿಬ್ಬನ್ ಮಣ್ಣಿನೊಳಗೆ ಬಲು ಓರೆಯಾಗಿ, ನಿಧಾನಕ್ಕೆ ಮೇಲೇರುತ್ತದೆ. ನೆಲಮಟ್ಟಕ್ಕೆ ಅದು ಬಂದು ಮುಟ್ಟುವ ಜಾಗ ಮೂಲದಿಂದ ನೂರಾರು ಮೀಟರ್ ದೂರ ಇರಬಹುದು. ನಕ್ಷೆಯಲ್ಲಿ ಕೆಂಪು ಕಂಡಲ್ಲೇ ನೇರ ಕೆಳಕ್ಕೆ ಕೊರೆಯುವವನು, ಹೊಗೆ ಕಂಡ ಕಡೆಯೇ ಒಲೆ ಇದೆ ಎಂದು ನಂಬಿ ಮಾಡಿನ ಮೇಲೆ ಹುಡುಕುವವನು. ಕೊರೆತದಲ್ಲಿ ಏನೂ ಸಿಗದಿದ್ದಾಗ "ಮಣ್ಣಿನ ಮಾದರಿ ನಂಬಿ ಕೆಟ್ಟೆವು" ಎಂಬ ಮಾತು ಬರುತ್ತದೆ. ಮಾದರಿ ಸರಿಯಾಗಿಯೇ ಹೇಳಿತ್ತು. ಹಿಮ ಬಂದ ದಿಕ್ಕಿಗೆ ಹಿಂದಿರುಗಿ ಹೋಗಬೇಕಿತ್ತು, ಹೋಗಲಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. 1740ರ ಹೊತ್ತಿಗೇ ಸ್ವೀಡನ್ನಿನ ಡೇನಿಯಲ್ ಟಿಲಾಸ್ ಫಿನ್ಲೆಂಡಿನಲ್ಲಿ ಅದಿರಿನ ಬಿಡಿಗಲ್ಲುಗಳ ಜಾಡು ಹಿಡಿದು ಮೂಲದತ್ತ ಹೋಗುವ ಬಗೆಯನ್ನು ಬರೆದಿಟ್ಟ. ಹಿಮಯುಗ ಎಂಬುದೊಂದಿತ್ತು ಎಂದು ಲೂಯಿ ಅಗಾಸಿ ಪುಸ್ತಕ ಬರೆದದ್ದು ಅದಕ್ಕೂ ನೂರು ವರ್ಷದ ನಂತರ. ಕಲ್ಲು ತಂದವರು ಯಾರೆಂದು ಟಿಲಾಸನಿಗೆ ಗೊತ್ತಿರಲಿಲ್ಲ. ಎಲ್ಲಿಂದಲೋ ಬಂದಿವೆ, ಒಂದು ದಿಕ್ಕಿನಿಂದ ಬಂದಿವೆ ಎಂಬುದಷ್ಟೇ ಸಾಕಾಯಿತು. 1908ರಲ್ಲಿ ಫಿನ್ಲೆಂಡಿನ ಕಿವಿಸಾಲ್ಮಿಯಲ್ಲಿ ಕಾಲುವೆ ತೋಡುವಾಗ ತಾಮ್ರದ ಅದಿರಿನ ದೊಡ್ಡ ಬಂಡೆಯೊಂದು ಸಿಕ್ಕಿತು. ಸಿಕ್ಕಲ್ಲೇ ಕೊರೆದಿದ್ದರೆ ಏನೂ ಇರುತ್ತಿರಲಿಲ್ಲ. ಒಟ್ಟೊ ಟ್ರುಸ್ಟೆಟ್ ಹಿಮದ ದಾರಿ ಹಿಡಿದು ವಾಯವ್ಯಕ್ಕೆ ಹುಡುಕುತ್ತ ಹೋದ. 1910ರಲ್ಲಿ, ಸುಮಾರು 50 ಕಿಲೋಮೀಟರ್ ಆಚೆ, ಔಟೊಕುಂಪು ಅದಿರು ಸಿಕ್ಕಿತು. 1960ರ ದಶಕದಲ್ಲಿ ಫಿನ್ಲೆಂಡಿನವರು ಗಂಧಕದ ಅದಿರು ಮೂಸಿ ಕಲ್ಲು ಗುರುತಿಸುವುದಕ್ಕೆ ನಾಯಿಗಳನ್ನೂ ಪಳಗಿಸಿದರು. ಜಾಡು ಹಿಡಿಯುವುದೆಂದರೆ ಏನೆಂದು ಆ ನಾಯಿಗಳ ಹಿಂದೆ ನಡೆದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸಾವಿರ ಮಾದರಿ ಇದ್ದರೆ ತಪ್ಪು ತೊಳೆದುಹೋಗುತ್ತದೆ" ಎಂಬ ಮಾತನ್ನು ಈಗ ಒರೆಗೆ ಹಚ್ಚಬೇಕು. ತಪ್ಪುಗಳಲ್ಲಿ ಎರಡು ಜಾತಿ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುವ ತಪ್ಪು ಸರಾಸರಿಯಲ್ಲಿ ಕರಗುತ್ತದೆ. ಸದಾ ಒಂದೇ ಕಡೆಗೆ ವಾಲುವ ತಪ್ಪು ಲಕ್ಷ ಮಾದರಿ ತೆಗೆದರೂ ಕರಗುವುದಿಲ್ಲ. ಟಿಮ್ಮಿನ್ಸ್ ಪಟ್ಟಣ ಇರುವ ಅಬಿಟಿಬಿ ಸೀಮೆ ಜಗತ್ತಿನ ದೊಡ್ಡ ಚಿನ್ನದ ಪ್ರದೇಶಗಳಲ್ಲಿ ಒಂದು. ಅಲ್ಲಿನ ಹಸಿರುಕಲ್ಲಿನ ಪಟ್ಟಿ ನಮ್ಮ ಹಟ್ಟಿ, ಕೋಲಾರದ ಪಟ್ಟಿಗಳ ಸಮವಯಸ್ಕ, ಹೆಚ್ಚುಕಡಿಮೆ 270 ಕೋಟಿ ವರ್ಷ ಹಳೆಯದು. ಆದರೆ ಹಿಮ ಹಿಂದೆ ಸರಿದಾಗ ಅಲ್ಲಿ ಬಾರ್ಲೊ-ಒಜಿಬ್ವೆ ಎಂಬ ಕಡಲಿನಂಥ ಸರೋವರ ನಿಂತಿತು. ಸುಮಾರು 8 ಸಾವಿರ ವರ್ಷದ ಹಿಂದೆ ಅದು ಬರಿದಾಗುವಾಗ ಬಿಟ್ಟುಹೋದ ಜೇಡಿ ಎಷ್ಟೋ ಕಡೆ ಹತ್ತಾರು ಮೀಟರ್ ದಪ್ಪ. ಟಿಲ್ ಅದರ ಕೆಳಗೆ, ಬಂಡೆ ಅದಕ್ಕೂ ಕೆಳಗೆ. ಜೇಡಿಯ ಮೇಲೆ ನಿಂತು ಮೊಳದುದ್ದ ಕೊರೆದು ತೆಗೆದ ಸಾವಿರ ಲಕೋಟೆ ಸಾವಿರ ಸಲ "ಇಲ್ಲಿ ಏನೂ ಇಲ್ಲ" ಎನ್ನುತ್ತದೆ. ಆ ಸಾವಿರ "ಇಲ್ಲ"ಗಳನ್ನು ಕೂಡಿಸಿದರೂ ಬರುವುದು ಸರೋವರದ ತಳದ ಸಮಾಚಾರವೇ.

ಸರಿ, ತಕ್ಕ ಮಣ್ಣೇ ಸಿಕ್ಕಿತು. ಆಗಲಾದರೂ ಅಂಕಿಯನ್ನು ನಂಬಬಹುದೆ? ಇದಕ್ಕೆ ಪೆನ್ಸಿಲ್ ಸಾಕು. ಚಿನ್ನ ನೀರಿಗಿಂತ 19 ಪಟ್ಟು ಭಾರ. 0.1 ಮಿಲಿಮೀಟರ್ ಅಗಲದ ದುಂಡನೆಯ ಕಾಳೊಂದರ ತೂಕ ಸುಮಾರು 10 ಮೈಕ್ರೊಗ್ರಾಂ. ಲ್ಯಾಬಿನಲ್ಲಿ ಕರಗಿಸುವುದು ಸಾಮಾನ್ಯವಾಗಿ 30 ಗ್ರಾಂ ಮಣ್ಣು. ಅದರಲ್ಲಿ ಈ ಒಂದೇ ಕಾಳು ಬಿದ್ದರೂ ವರದಿಯಲ್ಲಿ ಬರುವ ಅಂಕಿ ಸುಮಾರು 340 ಪಿಪಿಬಿ, ಅಂದರೆ ನೂರು ಕೋಟಿಗೆ 340 ಪಾಲು. ನಕ್ಷೆಯಲ್ಲಿ ಅದು ಉರಿಗೆಂಪು. ಈಗ ಆ ನೆಲದ ನಿಜವಾದ ಸರಾಸರಿ 10 ಪಿಪಿಬಿ, ಚಿನ್ನವೆಲ್ಲ ಇದೇ ಗಾತ್ರದ ಕಾಳುಗಳಲ್ಲಿದೆ ಎಂದುಕೊಳ್ಳಿ. ಒಂದು ಕಿಲೋ ಮಣ್ಣಿಗೆ ಒಂದೇ ಕಾಳು. ನೂರು ಲಕೋಟೆಗಳಲ್ಲಿ ಸುಮಾರು 97ಕ್ಕೆ ಏನೂ ಸಿಗುವುದಿಲ್ಲ, ಉಳಿದ ಮೂರಕ್ಕೆ 340. ನಿಜವಾದ 10 ಎಂಬ ಅಂಕಿಯನ್ನು ಒಂದು ಲಕೋಟೆಯೂ ಹೇಳುವುದಿಲ್ಲ! ಆ ಮೂರು ಕೆಂಪು ಚುಕ್ಕೆಗಳಲ್ಲಿ ಅದಿರಿನ ಸುಳಿವೇನೂ ಇಲ್ಲ, ಇರುವುದು ಲಾಟರಿಯ ಫಲಿತಾಂಶ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಮಾತ್ರ ಹೀಗೆ ಬಿದ್ದ ಕೆಂಪಿನ ಮೇಲೆ ಡ್ರಿಲ್ ಇಳಿಸುತ್ತಾರೆ.

ಇದಕ್ಕೆ ಮದ್ದು ಇದೆ, ಹಳೆಯದೇ. ಹತ್ತು ಕಿಲೋ ಟಿಲ್ ತೆಗೆದು ಜರಡಿ ಹಿಡಿದು, ಅಲುಗುವ ಮೇಜಿನ ಮೇಲೆ ತೊಳೆದು, ಭಾರದ ಪಾಲನ್ನು ಬಾಣಲೆಯಲ್ಲಿ ಜಾಲಿಸಿ, ಸೂಕ್ಷ್ಮದರ್ಶಕದಡಿ ಚಿನ್ನದ ಕಾಳುಗಳನ್ನು ಒಂದೊಂದಾಗಿ ಎಣಿಸುವುದು. ಮೇಲಿನ ಲೆಕ್ಕದಲ್ಲಿ ಹತ್ತು ಕಿಲೋಗೆ ಹತ್ತು ಕಾಳು. ಏಳಾಗಬಹುದು, ಹದಿಮೂರಾಗಬಹುದು, ಆದರೆ ಸೊನ್ನೆಗೂ 340ಕ್ಕೂ ನೆಗೆಯುವ ಆಟ ನಿಲ್ಲುತ್ತದೆ. ಚಿನ್ನ ನುಣ್ಣನೆಯ ಪುಡಿಯಾಗಿದ್ದರೆ ಇನ್ನೊಂದು ದಾರಿ: 0.063 ಮಿಲಿಮೀಟರಿಗಿಂತ ಸಣ್ಣ ಪಾಲನ್ನಷ್ಟೇ ಸೋಸಿ ಲ್ಯಾಬಿಗೆ ಕೊಡುವುದು. 0.02 ಮಿಲಿಮೀಟರಿನ 125 ಕಾಳು ಸೇರಿದರೆ 0.1 ಮಿಲಿಮೀಟರಿನ ಒಂದು ಕಾಳಿನ ತೂಕ. ಹಾಗಾಗಿ ಅಲ್ಲಿ ಲಾಟರಿಯ ಪಾಲು ಕಡಿಮೆ. ಕೆನಡಾದ ಭೂವೈಜ್ಞಾನಿಕ ಸಮೀಕ್ಷೆಯವರು ಎರಡೂ ದಾರಿಯನ್ನು ಜೊತೆಜೊತೆಗೆ ಬಳಸುತ್ತಾರೆ.

ಎಣಿಸುವಾಗ ಕಾಳಿನ ಮುಖವೂ ಕಾಣುತ್ತದೆ. ಸಮೀಕ್ಷೆಯ ಡಿಲಾಬಿಯೊ 1990ರಲ್ಲಿ ಕಾಳುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ: ಬಂಡೆಯೊಳಗಿದ್ದ ಚೂಪು ಅಂಚು ಹಾಗೇ ಉಳಿದದ್ದು, ಅಂಚು ಸ್ವಲ್ಪ ಮಡಚಿದ್ದು, ಪೂರ್ತಿ ಬಡಿದು ದುಂಡಗಾದದ್ದು. ಚೂಪಿನವು ಹೆಚ್ಚಿದ್ದರೆ ಮೂಲ ಹತ್ತಿರ ಇರುವ ಸಂಭವ ಹೆಚ್ಚು. ಲ್ಯಾಬಿನ ಕುಲುಮೆಯಲ್ಲಿ ಮೂರೂ ಕರಗಿ ಒಂದೇ ಅಂಕಿಯಾಗುತ್ತವೆ. ಮುಖ ಕರಗಿದರೆ ಎಂಥ ಮೋಸ ನಡೆಯಬಹುದು ಎಂಬುದನ್ನು ಹಿಮವಿಲ್ಲದ ಬೋರ್ನಿಯೊ ತೋರಿಸಿತು. ಬುಸಾಂಗಿನಲ್ಲಿ ಬ್ರಿ-ಎಕ್ಸ್ ಎಂಬ ಕೆನಡಾದ ಕಂಪನಿಯ ಕೊರೆತದ ಪುಡಿಗೆ ಹೊಳೆಚಿನ್ನ ಬೆರೆಸಲಾಗಿತ್ತು. ಅಂಕಿಗಳು ವರ್ಷಗಟ್ಟಲೆ ಷೇರುಪೇಟೆಯನ್ನು ಕುಣಿಸಿದವು. 1997ರಲ್ಲಿ ಸ್ಟ್ರಾತ್‌ಕೋನ ಸಂಸ್ಥೆಯ ತನಿಖೆ ಬಣ್ಣ ಬಯಲು ಮಾಡಿದಾಗ, ಬಂಡೆಯಿಂದ ಬಂದದ್ದೆಂದ ಕಾಳುಗಳು ಹೊಳೆಯಲ್ಲಿ ಉರುಳಿ ದುಂಡಗಾದಂತಿದ್ದವು ಎಂಬುದೂ ಸಾಕ್ಷಿಗಳಲ್ಲಿ ಒಂದಾಯಿತು. ಆ ಹಗರಣದ ಬಳಿಕ 2001ರಲ್ಲಿ ಕೆನಡಾ ಗಣಿ ಕಂಪನಿಗಳ ಪ್ರಕಟಣೆಗಳಿಗೆ 43-101 ಎಂಬ ನಿಯಮ ತಂದಿತು. ಲ್ಯಾಬಿನ ತಪ್ಪು ಹಿಡಿಯಲು ಖಾಲಿ ಮಾದರಿ, ಜೋಡಿ ಮಾದರಿ, ಗೊತ್ತಿರುವ ಮಾದರಿ ಎಲ್ಲ ಇಂದು ವಾಡಿಕೆ. ಒಳ್ಳೆಯದೇ. ಆದರೆ ಇವೆಲ್ಲ ಕಾಯುವುದು ಲಕೋಟೆ ಲ್ಯಾಬಿನ ಬಾಗಿಲು ಮುಟ್ಟಿದ ನಂತರದ ದಾರಿಯನ್ನು. ಜೇಡಿಯಿಂದ ತೆಗೆದ ಲಕೋಟೆ ಈ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ.

ಕಾಳು ಎಣಿಸುವುದನ್ನೇ ಹೊಸ ದೇವರು ಮಾಡಿಕೊಳ್ಳಬೇಕು ಎಂಬುದು ಇಲ್ಲಿನ ವಾದವಲ್ಲ. ಫಿನ್ಲೆಂಡಿನ ಕಿಟ್ಟಿಲಾ ಆ ಆಸೆಯನ್ನೂ ಮುರಿಯುತ್ತದೆ. 1986ರಲ್ಲಿ ಕೀಸ್ತಾಲ ಹಳ್ಳಿಯ ಬಳಿ ರಸ್ತೆಬದಿಯ ಬಂಡೆಯಲ್ಲಿ ಚಿನ್ನ ಕಂಡದ್ದರಿಂದ ಶೋಧ ಬಿರುಸಾಗಿ, ಸೂರಿಕೂಸಿಕ್ಕೊ ನಿಕ್ಷೇಪ ಸಿಕ್ಕಿತು. 2009ರಿಂದ ಅಲ್ಲಿ ಅಗ್ನಿಕೊ ಈಗಲ್ ಕಂಪನಿಯ ಗಣಿ ನಡೆಯುತ್ತಿದೆ. ಅಲ್ಲಿನ ಬಹುಪಾಲು ಚಿನ್ನ ಬಿಡಿ ಕಾಳಾಗಿಲ್ಲ, ಆರ್ಸೆನಿಕ್ ಹೊತ್ತ ಖನಿಜದ ಒಡಲಲ್ಲಿ ಅವಿತಿದೆ. ಅಂಥ ಕಡೆ ಜಾಲಗಾರನ ಬಾಣಲೆ ಬರಿದು. ಆರ್ಸೆನಿಕ್ಕನ್ನೇ ಬೇಹುಗಾರನಾಗಿ ಬಳಸಬೇಕು. ಮೇಲಾಗಿ ಕಿಟ್ಟಿಲಾ ಇರುವ ಮಧ್ಯ ಲ್ಯಾಪ್‌ಲ್ಯಾಂಡ್ ಹಿಮದ ನಡುದಿಬ್ಬದಡಿ ಇತ್ತು. ಹಿಮ ಅಲ್ಲಿ ಹೆಚ್ಚು ಜರುಗಲಿಲ್ಲ, ಹಿಮಯುಗಕ್ಕೂ ಹಿಂದಿನ ಕೊಳೆತ ಬಂಡೆ ಟಿಲ್ಲಿನಡಿ ಹಾಗೇ ಉಳಿದಿದೆ. ಒಂಟಾರಿಯೊದ ಪಾಠವನ್ನು ಇಲ್ಲಿಗೆ ಕಣ್ಣುಮುಚ್ಚಿ ತಂದರೂ ಅದೇ ಎಡವಟ್ಟು. ಫಿನ್ಲೆಂಡಿನ ಸಮೀಕ್ಷೆ 1980ರ ದಶಕದಲ್ಲಿ ಇಡೀ ದೇಶದ ಟಿಲ್ಲನ್ನು ನಾಲ್ಕು ಚದರ ಕಿಲೋಮೀಟರಿಗೆ ಒಂದರಂತೆ, 82 ಸಾವಿರಕ್ಕೂ ಹೆಚ್ಚು ಕಡೆ ಅಳೆಯಿತು. ಸಂಖ್ಯೆ ದೊಡ್ಡದು, ನಿಜ. ಆದರೆ ಅವರು ಕೆಂಗಂದು ಪದರ ದಾಟಿ, ಕೆಡದ ಟಿಲ್ ಮುಟ್ಟಿ, ಅದರ ನುಣ್ಣನೆಯ ಪಾಲನ್ನೇ ತೆಗೆದರು.

ಎದುರು ಪಕ್ಷದ ಉಳಿದ ವಾದಗಳಲ್ಲಿ ಮೊದಲನೆಯದು ಹಣ. ಲಕೋಟೆ ಅಗ್ಗ, ಜೇಡಿ ಕೊರೆದು ಟಿಲ್ ಎತ್ತುವುದು ದುಬಾರಿ. ಆದರೆ ಅಗ್ಗದ ಲಕೋಟೆ ತೋರಿಸಿದ ತಪ್ಪು ಜಾಗದಲ್ಲಿ ಬಂಡೆಯನ್ನು ನೂರಾರು ಮೀಟರ್ ಕೊರೆಯುವ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುವುದು? ಎರಡನೆಯದು, ಜೇಡಿಯ ಮೂಲಕವೂ ಲೋಹದ ಅಯಾನುಗಳು ಮೇಲೇರುತ್ತವೆ, ಮೃದು ದ್ರಾವಣದಿಂದ ಅವನ್ನು ಹಿಡಿಯಬಹುದು ಎಂಬುದು. ಒಂಟಾರಿಯೊದ ಕೆಲವು ನಿಕ್ಷೇಪಗಳ ಮೇಲೆ ಇಂಥ ಸುಳಿವು ಸಿಕ್ಕಿದ್ದುಂಟು. ಆದರೆ ಆ ಸುಳಿವು ಓದಲೂ ಜೇಡಿ ಎಷ್ಟು ದಪ್ಪ, ನೀರು ಎಲ್ಲಿ ನಿಂತಿದೆ ಎಂಬುದು ಮೊದಲೇ ಗೊತ್ತಿರಬೇಕು. ಮೂರನೆಯದು ಯಂತ್ರ. ಪಿಸ್ತೂಲಿನಾಕಾರದ ಎಕ್ಸ್‌ರೇ ಸಾಧನ ಸ್ಥಳದಲ್ಲೇ ಅಂಕಿ ಕೊಡುತ್ತದೆ, ಕಂಪ್ಯೂಟರು ನಕ್ಷೆ ಬರೆಯುತ್ತದೆ. ಟಿಲ್ಲಿನಲ್ಲಿರುವಷ್ಟು ಅಲ್ಪ ಚಿನ್ನ ಆ ಸಾಧನದ ಕಣ್ಣಿಗೆ ಬೀಳುವುದೇ ಇಲ್ಲ. ಆರ್ಸೆನಿಕ್ಕನ್ನು ಅದು ನೋಡಬಲ್ಲದು. ಆದರೆ ಕೆಂಗಂದು ಪದರದ ಕಬ್ಬಿಣ ಆರ್ಸೆನಿಕ್ಕನ್ನು ಹೀರಿಕೊಂಡು ಕೂತಿರುತ್ತದೆ. ಅಲ್ಲಿನ ಏರಿಳಿತ ಎಷ್ಟೋ ಸಲ ಕಬ್ಬಿಣದ ಏರಿಳಿತ. ಕಂಪ್ಯೂಟರಾದರೂ ಕೊಟ್ಟ ಕಾಲಮ್ಮುಗಳನ್ನಷ್ಟೇ ಓದುತ್ತದೆ. ಹುಡುಗರು ತುಂಬುವ ಚೀಟಿಯಲ್ಲಿ "ಯಾವ ಮಣ್ಣು" ಎಂಬ ಕಾಲಮ್ಮೇ ಇಲ್ಲದಿದ್ದರೆ ಅದು ಇನ್ನೇನು ಓದೀತು?

ಆ ಕಾಲಮ್ ತುಂಬಿದಾಗ ಏನಾಗುತ್ತದೆ ಎಂಬುದಕ್ಕೆ ಒಂಟಾರಿಯೊದ ವಾಯವ್ಯ ಭಾಗದ ರೈನಿ ರಿವರ್ ಉದಾಹರಣೆ. ಹೊಲ, ಜವುಗು, ಬಂಡೆ ಕಾಣುವುದೇ ಅಪರೂಪ. ಮೇಲೆ ಸರೋವರದ ಜೇಡಿ. ಅದರ ಕೆಳಗೆ ಪಶ್ಚಿಮದಿಂದ ಬಂದ ಹಿಮ ಮ್ಯಾನಿಟೋಬ ಕಡೆಯ ಸುಣ್ಣಕಲ್ಲು ಅರೆದು ತಂದ ಟಿಲ್. ಅದಕ್ಕೆ ಈ ನೆಲದ ಬಂಡೆಯ ಗುರುತೇ ಇಲ್ಲ. ಅದಕ್ಕೂ ಕೆಳಗೆ, ಈಶಾನ್ಯದಿಂದ ಬಂದ ಹಿಮ ಸ್ಥಳದ ಬಂಡೆಯನ್ನು ಉಜ್ಜಿ ಬಿಟ್ಟ ಹಳೆಯ ಟಿಲ್. ಬೈರಿಗೆಯವರು ಇಲ್ಲಿ ನೂರು ವರ್ಷ ಓಡಾಡಿದರೂ ಮೇಲಿನ ಎರಡು ಪದರ ದಾಟುತ್ತಿರಲಿಲ್ಲ. 1987-88ರಲ್ಲಿ ಒಂಟಾರಿಯೊ ಭೂವೈಜ್ಞಾನಿಕ ಸಮೀಕ್ಷೆ ಬಂಡೆಯ ತನಕ ಮಣ್ಣನ್ನು ಕೊರೆದು, ಪದರ ಪದರ ಬಿಡಿಸಿ, ಕೆಳಗಿನ ಟಿಲ್ಲಿನಲ್ಲಿ ಚಿನ್ನದ ಕಾಳುಗಳಿವೆ ಎಂದು ತೋರಿಸಿತು. 1990ರ ದಶಕದಲ್ಲಿ ನ್ಯೂಇನ್ಸ್ಕೊ ಎಂಬ ಸಣ್ಣ ಕಂಪನಿ ಅದೇ ಟಿಲ್ಲನ್ನು ಸಾಲು ಸಾಲಾಗಿ ಕೊರೆಯಿತು. ಹತ್ತು ಹತ್ತು ಕಿಲೋ ಮಣ್ಣನ್ನು ತೊಳೆದು ಕಾಳು ಎಣಿಸಿದ್ದು ಒಟ್ಟಾವದ ಓವರ್‌ಬರ್ಡನ್ ಡ್ರಿಲ್ಲಿಂಗ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆ. ಜಾಡನ್ನು ಈಶಾನ್ಯಕ್ಕೆ ಹಿಂದಿರುಗಿ ಹಿಡಿದಾಗ ಅದಿರು ಸಿಕ್ಕಿತು. 2017ರಲ್ಲಿ ನ್ಯೂ ಗೋಲ್ಡ್ ಕಂಪನಿ ಅಲ್ಲಿ ಗಣಿಗಾರಿಕೆ ಆರಂಭಿಸಿತು. ಆ ಗಣಿಯ ನಕ್ಷೆಯಲ್ಲಿ ಮುಖ್ಯ ಅದಿರು ವಲಯದ ಮೇಲೆ ಬರೆದಿರುವ ಹೆಸರು ಒಡಿಎಂ. ಮಣ್ಣು ತೊಳೆದ ಆ ಸಂಸ್ಥೆಯ ಮೂರು ಮೊದಲಕ್ಷರ.